ಡೀಮನ್‌ಗೆ ದೆವ್ವ ಅನ್ನಬೇಡಿ: ಕಂಪ್ಯೂಟರ್ ಪಾಠವನ್ನು ಕನ್ನಡಕ್ಕೆ ತರುವವರಿಗೆ ಒಂದು ಬಹಿರಂಗ ಪತ್ರ

ಕಂಪ್ಯೂಟರ್ ಪದಕೋಶ ಸಿದ್ಧಪಡಿಸುವ ವಿದ್ವಾಂಸರಿಗೆ, ಕನ್ನಡದಲ್ಲಿ ಪಾಠ ಬರೆಯುವ ಮೇಷ್ಟ್ರುಗಳಿಗೆ, ಬಿಡುವು ಮಾಡಿಕೊಂಡು ಸಾಫ್ಟ್‌ವೇರನ್ನು ಕನ್ನಡಕ್ಕೆ ತರುತ್ತಿರುವ ಎಲ್ಲ ಗೆಳೆಯ ಗೆಳತಿಯರಿಗೆ ನಮಸ್ಕಾರ.

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸರ್ವರ್, ಪ್ರಿಂಟರ್, ನೆಟ್‌ವರ್ಕ್ ಎಲ್ಲ ನನ್ನ ಜವಾಬ್ದಾರಿ. ಹುಟ್ಟಿದ್ದು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಒಂದು ಹಳ್ಳಿಯಲ್ಲಿ. ನಿಮಗೆ ಈ ಪತ್ರ ಬರೆಯಲು ಕಾರಣ ಒಂದೇ ಒಂದು ಪದ, 'ಡೀಮನ್'. ಕಂಪ್ಯೂಟರಿನಲ್ಲಿ ಕಾಣದಂತೆ ಹಿಂದೆ ನಿಂತು ತಾನಾಗೇ ಕೆಲಸ ನೋಡಿಕೊಳ್ಳುವ ಪ್ರೋಗ್ರಾಂಗೆ ಹಾಗೆ ಅನ್ನುತ್ತಾರೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗಿ ಓದುತ್ತಾಳೆ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಕೆಲಸಕ್ಕೆ ಅರ್ಜಿ ಇಮೇಲ್ ಮಾಡಿದಳು. ಅರ್ಧ ನಿಮಿಷಕ್ಕೇ ಉತ್ತರ ಬಂತು. ಕಳಿಸಿದವರ ಹೆಸರಿನ ಜಾಗದಲ್ಲಿ 'ಮೇಲರ್ ಡೀಮನ್' ಅಂತಿತ್ತು. ನಾನು ಹತ್ತಿರ ಹೋದಾಗ ಅವಳು ಎರಡೂ ಕೈಯನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. "ಸಾರ್, ವೈರಸ್ ಬಂದಿದೆ ಅನ್ಸುತ್ತೆ. ನಾನೇನೂ ಮುಟ್ಟಿಲ್ಲ" ಅಂದಳು.

ಪಕ್ಕದಲ್ಲಿ ಅವಳ ಜೆರಾಕ್ಸ್ ನೋಟ್ಸ್ ತೆರೆದಿತ್ತು. ಯಾವುದೋ ತರಬೇತಿಯಲ್ಲಿ ಕೊಟ್ಟ ಕನ್ನಡ ನೋಟ್ಸ್. ಅದರಲ್ಲಿ ಒಂದು ಸಾಲು: "ಡೀಮನ್ ಎಂದರೆ ದೆವ್ವ. ಕಾಣದಂತೆ ಓಡುವ ದೆವ್ವ ಪ್ರೋಗ್ರಾಂ."

ವಿಳಾಸದಲ್ಲಿ ಒಂದಕ್ಷರ ತಪ್ಪಾಗಿತ್ತು, ಅಷ್ಟೇ. ಅಂಥ ವಿಳಾಸ ಇಲ್ಲ ಅಂತ ಕಾಗದ ವಾಪಸ್ ತಂದುಕೊಟ್ಟ ಪೋಸ್ಟ್‌ಮ್ಯಾನ್ ಕೆಲಸವನ್ನು ಆ ಡೀಮನ್ ಮಾಡಿತ್ತು. ಅವಳು ಸರಿಮಾಡಿ ಮತ್ತೆ ಕಳಿಸಿದಳು, ಹೋಯಿತು. ಆದರೆ ನೋಟ್ಸಿನ ಆ ಸಾಲು ನನ್ನನ್ನು ಬಿಡಲಿಲ್ಲ. ಬರೆದವರು ಬೇಕಂತ ಬರೆದದ್ದಲ್ಲ. ಇಂಗ್ಲಿಷಿನಲ್ಲಿ ಕಂಪ್ಯೂಟರಿನ ಡೀಮನ್‌ಗೂ (daemon) ದೆವ್ವ ಅನ್ನುವ ಅರ್ಥದ ಡೀಮನ್‌ಗೂ (demon) ಒಂದಕ್ಷರದ ವ್ಯತ್ಯಾಸ ಇದೆ. ಕಂಪ್ಯೂಟರಿನ ಡೀಮನ್‌ನಲ್ಲಿ ಒಂದು 'ಎ' ಜಾಸ್ತಿ. ಅದು ಹಳೇ ಗ್ರೀಕ್, ಲ್ಯಾಟಿನ್ ಕಾಲದ ಕಾಗುಣಿತ. ಕನ್ನಡದಲ್ಲಿ ಬರೆದ ತಕ್ಷಣ ಆ 'ಎ' ಮಾಯವಾಗುತ್ತದೆ. ಉಳಿಯೋದು ದೆವ್ವ ಮಾತ್ರ. ಅದಕ್ಕೇ ನಾವು ಜಾಸ್ತಿ ಹುಷಾರಾಗಿರಬೇಕು.

ಆ ಪದದ ಬುಡ ನೋಡಿ. ಗ್ರೀಕರು ಅದನ್ನು 'ದೈಮೋನ್' ಅನ್ನುತ್ತಿದ್ದರು. ಅದರ ಮೂಲ 'ಹಂಚು, ಪಾಲು ಮಾಡು' ಅನ್ನುವ ಅರ್ಥದ ಧಾತು ಅಂತ ಭಾಷಾ ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ. ಅಂದರೆ ಯಾರ ಪಾಲಿಗೆ ಏನು ಬರಬೇಕೋ ಅದನ್ನು ಹಂಚುವ ಶಕ್ತಿ. ನಮ್ಮ ದೈವಕ್ಕೂ ಅದಕ್ಕೂ ಕಿವಿಗೆ ಹೋಲಿಕೆ ಕಂಡರೂ ಅವು ನೆಂಟರಲ್ಲ. ದೈವದ ಧಾತು ಬೆಳಕಿಗೆ ಸೇರಿದ್ದು. ನಿಜವಾದ ಹೋಲಿಕೆ ಬೇರೆ ಕಡೆ ಇದೆ. ಭಾಗ, ಭಾಗ್ಯ, ಭಗವಂತ, ಈ ಮೂರೂ ಒಂದೇ ಬೇರಿನಿಂದ ಬಂದವು. ಅಲ್ಲೂ ಹಂಚಿಕೆಯೇ. ಭಾಗ ಕೊಡುವವನು ಭಗವಂತ, ಸಿಕ್ಕಿದ ಭಾಗ ಭಾಗ್ಯ. ಪಾಲಿಗೆ ಬಂದದ್ದು ಪಂಚಾಮೃತ ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ. ಗ್ರೀಕರೂ ಹಾಗೇ ಯೋಚಿಸಿದರು. ಒಳ್ಳೆಯ ದೈಮೋನ್ ಜೊತೆಗಿರುವ ಬಾಳನ್ನು ಅವರು 'ಯುದೈಮೋನಿಯಾ' ಅಂದರು. ಅವರ ಭಾಷೆಯಲ್ಲಿ ಸುಖ ಅನ್ನೋದಕ್ಕೆ ಅದೇ ಪದ.

ಅವರ ಹಳೇ ಕವಿ ಹೆಸಿಯಡ್ ಹೇಳುವ ಪ್ರಕಾರ, ಮೊದಲ ಬಂಗಾರದ ಕಾಲದ ಜನ ಸತ್ತ ಮೇಲೆ ದೈಮೋನ್‌ಗಳಾದರು. ಮಂಜನ್ನು ಹೊದ್ದು, ಕಣ್ಣಿಗೆ ಕಾಣದೆ, ಭೂಮಿ ಮೇಲೆ ಓಡಾಡುತ್ತಾ ಬದುಕಿರುವವರನ್ನು ಕಾಯುತ್ತಾರೆ. ನಮ್ಮ ಮನೆಗಳಲ್ಲಿ ಪಿತೃಪಕ್ಷ ಬಂದರೆ ಹೊಸ ಬಟ್ಟೆ ಇಟ್ಟು ಹಿರೀಕರಿಗೆ ಎಡೆ ಹಾಕುತ್ತೇವಲ್ಲ, ಆ ಭಾವನೆಗೆ ಇದು ತುಂಬ ಹತ್ತಿರ. ಎಡೆ ಹಾಕುವಾಗ ಯಾರೂ ದೆವ್ವಕ್ಕೆ ಊಟ ಬಡಿಸುತ್ತಿದ್ದೇನೆ ಅಂದುಕೊಳ್ಳುವುದಿಲ್ಲ.

ಸಾಕ್ರಟೀಸ್ ತನಗೆ ಒಳಗಿನಿಂದ ಒಂದು ದನಿ ಕೇಳಿಸುತ್ತದೆ ಅನ್ನುತ್ತಿದ್ದ. ಅದಕ್ಕೆ ಅವನು ಬಳಸಿದ್ದು ಇದೇ ಪದದ ರೂಪ. ಆ ದನಿ ಇದನ್ನು ಮಾಡು ಅಂತ ಒಂದು ದಿನವೂ ಹೇಳುತ್ತಿರಲಿಲ್ಲವಂತೆ, ತಪ್ಪು ಹೆಜ್ಜೆ ಇಡುವಾಗ ತಡೆಯುತ್ತಿತ್ತು ಅಷ್ಟೇ. ಕ್ರಿ.ಪೂ. 399ರಲ್ಲಿ ಅಥೆನ್ಸಿನವರು ಅವನಿಗೆ ಮರಣದಂಡನೆ ಕೊಟ್ಟಾಗ, ಊರಿನ ದೇವರುಗಳನ್ನು ಬಿಟ್ಟು ಹೊಸ ದೈವಗಳನ್ನು ತರುತ್ತಿದ್ದಾನೆ ಅನ್ನುವುದೂ ಆರೋಪಗಳಲ್ಲಿ ಒಂದಾಗಿತ್ತು. ಪ್ಲೇಟೋ ಬರಹದಲ್ಲಿ ದೈಮೋನ್ ಅಂದರೆ ದೇವರಿಗೂ ಮನುಷ್ಯರಿಗೂ ನಡುವೆ ಓಡಾಡುವ ಜೀವ. ಇಲ್ಲಿನ ಬೇಡಿಕೆ ಅಲ್ಲಿಗೆ, ಅಲ್ಲಿನ ಮಾತು ಇಲ್ಲಿಗೆ. ಈ 'ನಡುವೆ' ಅನ್ನೋದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹಾಗಾದರೆ ಅದು ಕೆಟ್ಟದ್ದಾಗಿದ್ದು ಯಾವಾಗ? ಯಹೂದಿಗಳ ಧರ್ಮಗ್ರಂಥವನ್ನು ಗ್ರೀಕ್ ಭಾಷೆಗೆ ತಂದಾಗ ಬೇರೆ ಜನರ ದೇವರುಗಳಿಗೆ ಈ ಪದ ಬಂತು. ಆಮೇಲೆ ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಮೈಮೇಲೆ ಬಂದು ಕಾಡುವ ಕೆಟ್ಟ ಆತ್ಮಕ್ಕೂ ಇದೇ ಪದ. ಅಲ್ಲಿಂದ ಯುರೋಪಿನ ಭಾಷೆಗಳಿಗೆ ಹೋಗುವಾಗ ಬರೀ ಕೆಟ್ಟದ್ದೇ ಉಳಿಯಿತು. ಇನ್ನೊಬ್ಬರ ದೇವರನ್ನು ದೆವ್ವ ಅನ್ನೋದು ಎಲ್ಲ ಕಡೆ ನಡೆದಿದೆ. ಋಗ್ವೇದದಲ್ಲಿ ವರುಣನಿಗೆ ಅಸುರ ಅಂತ ಗೌರವದಿಂದಲೇ ಕರೆದಿದ್ದಾರೆ, ಆಮೇಲೆ ಅಸುರ ರಾಕ್ಷಸನಾದ. ಪಕ್ಕದ ಇರಾನಿನಲ್ಲಿ ಉಲ್ಟಾ ಆಯಿತು. ಅಲ್ಲಿ ಅಹುರ ದೇವರು, ದಏವ ಕೆಟ್ಟದ್ದು. ಮೈಸೂರಿನಲ್ಲಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರಿನ ಹೆಸರೇ ಮಹಿಷನದ್ದು. ಬೆಟ್ಟಕ್ಕೆ ಹೋದವರು ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಅವನ ಜೊತೆ ಫೋಟೋ ತೆಗೆಸಿಕೊಂಡೇ ಚಾಮುಂಡಿಯ ದರ್ಶನಕ್ಕೆ ಹೋಗುತ್ತಾರೆ.

ನಮ್ಮ ದೆವ್ವದ ಕಥೆಯಂತೂ ಗ್ರೀಕರ ಕಥೆಯ ತದ್ರೂಪು. ದೆವ್ವ ಅನ್ನೋದು ದೈವದ ತದ್ಭವ. ಒಂದೇ ಪದ, ಸಂಸ್ಕೃತದ ರೂಪದಲ್ಲಿ ಗುಡಿಯೊಳಗೆ ಉಳಿಯಿತು, ಜನರ ಬಾಯಲ್ಲಿ ಸವೆದ ರೂಪ ಹುಣಸೇಮರ ಹತ್ತಿತು. ಭೂತವನ್ನು ನೋಡಿ. 'ಆದದ್ದು, ಇದ್ದದ್ದು' ಅಂತ ಅದರ ಮೂಲ ಅರ್ಥ. ಅದಕ್ಕೇ ಭೂತಕಾಲ, ಅದಕ್ಕೇ ಪಂಚಭೂತ. ಘಟ್ಟ ಇಳಿದು ತುಳುನಾಡಿಗೆ ಹೋದರೆ ಭೂತಕ್ಕೆ ಕೋಲ ಕೊಟ್ಟು ಕೈಮುಗಿಯುತ್ತಾರೆ, ನ್ಯಾಯ ಕೇಳುತ್ತಾರೆ. ಘಟ್ಟದ ಮೇಲೆ ನಾವು ಅದೇ ಹೆಸರು ಹೇಳಿ ಮಕ್ಕಳನ್ನು ಹೆದರಿಸುತ್ತೇವೆ.

ಕಂಪ್ಯೂಟರಿಗೆ ಈ ಪದ ಬಂದದ್ದು ಗುಡಿ ಚರ್ಚಿನ ದಾರಿಯಿಂದಲ್ಲ, ಭೌತಶಾಸ್ತ್ರದ ದಾರಿಯಿಂದ. ನೋಟ್ಸ್ ಬರೆಯುವ ಎಷ್ಟೋ ಜನರಿಗೆ ಇದು ತಲುಪಿಲ್ಲ. 1867ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತನ್ನ ಗೆಳೆಯ ಟೇಟ್‌ಗೆ ಬರೆದ ಕಾಗದದಲ್ಲಿ ಒಂದು ಊಹೆ ಮಾಡಿದ. ಒಂದು ಪೆಟ್ಟಿಗೆ, ನಡುವೆ ಗೋಡೆ, ಗೋಡೆಯಲ್ಲಿ ಪುಟ್ಟ ಬಾಗಿಲು. ಎರಡೂ ಕಡೆ ಗಾಳಿಯ ಕಣಗಳು, ಕೆಲವು ಜೋರು, ಕೆಲವು ನಿಧಾನ. ಬಾಗಿಲಲ್ಲಿ ಒಂದು ಪುಟಾಣಿ ಜೀವ ಕೂತಿದೆ. ಜೋರಾಗಿ ಬರುವ ಕಣ ಕಂಡರೆ ಬಾಗಿಲು ತೆರೆದು ಆ ಕಡೆ ಬಿಡುತ್ತದೆ, ನಿಧಾನದ್ದನ್ನು ಈ ಕಡೆ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಕೋಣೆ ಬಿಸಿ, ಇನ್ನೊಂದು ತಣ್ಣಗೆ. ಒಲೆ ಇಲ್ಲ, ಬೆಂಕಿ ಇಲ್ಲ. ಶಾಖ ತಾನಾಗೇ ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಹರಿಯಲಾರದು ಅನ್ನುವ ನಿಯಮಕ್ಕೇ ಇದು ಸವಾಲು. ಮ್ಯಾಕ್ಸ್‌ವೆಲ್ ಅದನ್ನು ಸುಮ್ನೆ ಒಂದು ಜೀವ ಅಂದಿದ್ದ. 1874ರಲ್ಲಿ ಅದಕ್ಕೆ ಡೀಮನ್ ಅಂತ ಹೆಸರಿಟ್ಟವನು ವಿಲಿಯಂ ಥಾಮ್ಸನ್, ಆಮೇಲೆ ಲಾರ್ಡ್ ಕೆಲ್ವಿನ್ ಆದವನು. ಕೆಟ್ಟ ಶಕ್ತಿ ಅನ್ನುವ ಅರ್ಥ ಅವನ ಮನಸ್ಸಿನಲ್ಲಿ ಇರಲಿಲ್ಲ. ಗ್ರೀಕರ ಹಳೇ ಅರ್ಥವೇ ಇತ್ತು. ನಡುವೆ ನಿಂತು ಹಂಚುವ ಜೀವ.

ಆ ಜೀವವೂ ಬಿಟ್ಟಿ ಕೆಲಸ ಮಾಡಲಾರದು ಅಂತ ಆಮೇಲೆ ಗೊತ್ತಾಯಿತು. ಯಾವ ಕಣ ಎಂಥದ್ದು ಅಂತ ಅದು ನೆನಪಿಟ್ಟುಕೊಳ್ಳಬೇಕು, ಹಳೆಯದನ್ನು ಅಳಿಸಬೇಕು. ಅಳಿಸುವುದಕ್ಕೂ ಶಕ್ತಿ ಖರ್ಚಾಗುತ್ತದೆ ಅಂತ 1961ರಲ್ಲಿ ರಾಲ್ಫ್ ಲ್ಯಾಂಡಾವರ್ ತೋರಿಸಿದರು. ನನಗೆ ಇದು ತುಂಬ ಇಷ್ಟವಾದ ಮಾತು. ಬಾಗಿಲು ಕಾಯುವವನಿಗೂ ಕೂಲಿ ಇದೆ.

1963ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಜೆಕ್ಟ್ ಮ್ಯಾಕ್ ಅನ್ನುವ ಯೋಜನೆ ಶುರುವಾಯಿತು. ಐಬಿಎಂ 7094 ಅನ್ನುವ ಒಂದು ದೊಡ್ಡ ಯಂತ್ರವನ್ನು ಎಷ್ಟೋ ಜನ ಹಂಚಿಕೊಂಡು ಬಳಸುವ ವ್ಯವಸ್ಥೆ ಕಟ್ಟುತ್ತಿದ್ದರು. ಆ ವ್ಯವಸ್ಥೆ ಕಟ್ಟುವ ತಂಡದ ಮುಖ್ಯಸ್ಥ ಫರ್ನಾಂಡೊ ಕೊರ್ಬಾಟೊ ಭೌತಶಾಸ್ತ್ರ ಓದಿ ಬಂದವರು. ಯಾರೂ ಕೇಳದೇ ಇದ್ದರೂ ಹಿಂದೆ ನಿಂತು ಬೇಸರವಿಲ್ಲದೆ ಮನೆಗೆಲಸ ಮಾಡುವ ಪ್ರೋಗ್ರಾಂಗಳಿಗೆ ಅವರ ತಂಡ ಡೀಮನ್ ಅಂದಿತು. ಅದು ಮ್ಯಾಕ್ಸ್‌ವೆಲ್ಲನ ಡೀಮನ್ನಿಂದ ಬಂದ ಹೆಸರು ಅಂತ ಅವರೇ ಹೇಳಿದ್ದಾರೆ. ಅವರ ನೆನಪಿನ ಪ್ರಕಾರ ಮೊದಲ ಡೀಮನ್ ಫೈಲುಗಳನ್ನು ಟೇಪಿಗೆ ನಕಲು ಮಾಡಿ ಇಡುವ ಪ್ರೋಗ್ರಾಂ. 'ಡಿಸ್ಕ್ ಅಂಡ್ ಎಕ್ಸಿಕ್ಯೂಷನ್ ಮಾನಿಟರ್' ಅನ್ನುವುದರ ಮೊದಲಕ್ಷರ ಸೇರಿಸಿ ಆದ ಪದ ಅಂತ ಕೆಲವರು ಪಾಠ ಮಾಡುತ್ತಾರೆ. ಅದು ಆಮೇಲೆ ಯಾರೋ ಕಟ್ಟಿದ್ದು. ದಯವಿಟ್ಟು ಪಠ್ಯಕ್ಕೆ ಸೇರಿಸಬೇಡಿ.

ಮ್ಯಾಕ್ಸ್‌ವೆಲ್ಲನ ಬಾಗಿಲನ್ನು ಮಂಡ್ಯದ ಮಕ್ಕಳಿಗೆ ಹೇಳಿಕೊಡೋದು ಸುಲಭ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಗೇಟು ಕೂರಿಸಿದರು. ಅದೇ ಬಗೆಯ ಗೇಟು ಮುಂದೆ ಕೆ.ಆರ್.ಎಸ್.ಗೂ ಬಂತು. ನೀರು ಮಟ್ಟ ಮೀರಿದರೆ ತಾನಾಗಿ ತೆರೆದುಕೊಳ್ಳುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಯಾರೂ ಎದ್ದು ಹೋಗಬೇಕಾಗಿಲ್ಲ. ಇದನ್ನು ಹೇಳಿದರೆ ಡೀಮನ್ ಅಂದರೇನು ಅಂತ ಎರಡು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಲ್ಯಾಬಿನಲ್ಲಿ ನಾನು ಇನ್ನೊಂದನ್ನು ತೋರಿಸುತ್ತೇನೆ. ಲಿನಕ್ಸ್ ಯಂತ್ರದಲ್ಲಿ 'ಪಿಎಸ್' ಆಜ್ಞೆ ಕೊಟ್ಟು ಓಡುತ್ತಿರುವ ಎಲ್ಲದರ ಪಟ್ಟಿ ತೆಗೆಯುತ್ತೇನೆ. ಅದರಲ್ಲಿ ಯಾವುದು ಯಾವ ಟರ್ಮಿನಲ್ಲಿಗೆ, ಅಂದರೆ ನಾವು ಆಜ್ಞೆ ಟೈಪ್ ಮಾಡುವ ಯಾವ ಪರದೆಗೆ, ಸೇರಿದ್ದು ಅಂತ ಒಂದು ಕಾಲಂ ಇದೆ. ನಾವು ಓಡಿಸಿದ ಪ್ರೋಗ್ರಾಂ ಎದುರು ನಮ್ಮ ಟರ್ಮಿನಲ್ಲಿನ ಹೆಸರು. ಡೀಮನ್‌ಗಳ ಎದುರು ಬರೀ ಪ್ರಶ್ನೆ ಚಿಹ್ನೆ. ಸಾಲು ಸಾಲು ಪ್ರಶ್ನೆ ಚಿಹ್ನೆಗಳು. ಇವು ಹುಟ್ಟುವ ರೀತಿಯೇ ಬೇರೆ. ಹಳೇ ಪದ್ಧತಿಯಲ್ಲಿ ಒಂದು ಪ್ರೋಗ್ರಾಂ ತನ್ನದೇ ಇನ್ನೊಂದು ಪ್ರತಿಯನ್ನು ಹುಟ್ಟಿಸಿ ತಾನು ಮುಗಿದುಹೋಗುತ್ತದೆ. ತಬ್ಬಲಿಯಾದ ಮರಿಯನ್ನು ಒಂದನೇ ನಂಬರಿನ ಪ್ರೋಗ್ರಾಂ ಸಾಕಿಕೊಳ್ಳುತ್ತದೆ. ಮರಿ ಟರ್ಮಿನಲ್ಲಿನ ಹಂಗು ಬಿಟ್ಟು, ಹುಟ್ಟಿದ ಫೋಲ್ಡರನ್ನೂ ಬಿಟ್ಟು, ತನ್ನ ಕೆಲಸಕ್ಕೆ ಕೂರುತ್ತದೆ. ನಾವು ಲಾಗೌಟ್ ಆಗಿ ಮನೆಗೆ ಹೋದರೂ ಅದು ಇರುತ್ತದೆ. ಒಂದು ಡೀಮನ್ ಹೊತ್ತು ನೋಡಿಕೊಂಡು ಕೆಲಸ ಶುರುಮಾಡಿಸುತ್ತದೆ, ಅದು ಕ್ರಾನ್. ಒಂದು ಬಾಗಿಲಲ್ಲಿ ನಿಂತು ದೂರದಿಂದ ಬಂದವರ ಗುರುತು ಕೇಳುತ್ತದೆ. ಒಂದು ನಡೆದದ್ದನ್ನೆಲ್ಲ ಬರೆದಿಡುತ್ತದೆ. ಹೆಚ್ಚಿನವುಗಳ ಹೆಸರಿನ ಕೊನೆಗೆ 'ಡಿ' ಅನ್ನುವ ಒಂದಕ್ಷರ. ಕುಲದ ಗುರುತು ಅದೊಂದೇ.

ಆ ಪಟ್ಟಿ ನೋಡುವಾಗಲೆಲ್ಲ ನನಗೆ ನಮ್ಮ ತಾತ ನೆನಪಾಗುತ್ತಾರೆ.

ತಾತ ನಮ್ಮೂರ ಕೆರೆಯ ನೀರುಗಂಟಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು ಅಂತ ಇರುತ್ತಿದ್ದರಲ್ಲ, ಅವರಲ್ಲಿ ನೀರುಗಂಟಿಯೂ ಒಬ್ಬ. ತೂಬು ತೆಗೆಯೋದು, ಮುಚ್ಚೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವನ ಕೆಲಸ. ರಾತ್ರಿ ಊರೆಲ್ಲ ಮಲಗಿದ ಮೇಲೆ ತಾತ ಒಂದು ಕೈಯಲ್ಲಿ ಲಾಟೀನು, ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಹೊರಡುತ್ತಿದ್ದರು. ಚಿಕ್ಕವನಿದ್ದಾಗ ಎರಡು ಮೂರು ಸಲ ನಾನೂ ಹೋಗಿದ್ದೇನೆ. ಕಾಲುವೆ ಹತ್ತಿರ ಲಾಟೀನು ಕೆಳಗಿಟ್ಟು ನೀರಿಗೆ ಬಲಗಾಲು ಇಡುತ್ತಿದ್ದರು. ಹರಡು ಮುಳುಗಿದರೆ ಸಾಕು, ಮೇಲಿನ ಗದ್ದೆಯ ಮಡೆ ಕಟ್ಟಿ ಕೆಳಗಿನದಕ್ಕೆ ತಿರುಗಿಸುವ ಹೊತ್ತಾಯಿತು ಅಂತ ಲೆಕ್ಕ. ಗಡಿಯಾರ ಇರಲಿಲ್ಲ. ಆ ಕಾಲೇ ಅಳತೆ. ಬೆಳಗ್ಗೆ ಎದ್ದವರಿಗೆ ಗದ್ದೆ ಒದ್ದೆಯಾಗಿದ್ದು ಕಾಣುತ್ತಿತ್ತು, ತಾತ ಕಾಣುತ್ತಿರಲಿಲ್ಲ. ನೀರು ಬಾರದ ದಿನ ಮಾತ್ರ ಎಲ್ಲರೂ ಮನೆ ಬಾಗಿಲಿಗೆ ಬರುತ್ತಿದ್ದರು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವರ ಪಾಲಿನ ಭತ್ತ ಸಿಗುತ್ತಿತ್ತು. ಕೆಲವು ಕಣಗಳಲ್ಲಿ ಅದನ್ನು ದೂರದಿಂದ ಅವರ ಟವಲಿಗೆ ಸುರಿಯುತ್ತಿದ್ದರು. ಯಾಕೆ ದೂರದಿಂದ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಕೆರೆ ತುಂಬಿದರೂ ಕೊನೇ ಗದ್ದೆಗೆ ನೀರು ಮುಟ್ಟೋದು ನೀರುಗಂಟಿ ನೆಟ್ಟಗಿದ್ದರೆ ಮಾತ್ರ. ನಾಲೆಯ ಕೊನೆ ಭಾಗದವರಿಗೆ ಇದು ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ನಡುವೆ ನಿಂತು ಹಂಚುವವನು, ಬಾಗಿಲು ತೆರೆದು ಮುಚ್ಚುವವನು, ಕೂಲಿಗೆ ಹಕ್ಕಿದ್ದವನು, ಕಣ್ಣಿಗೆ ಕಾಣದವನು. ಗ್ರೀಕರ ದೈಮೋನ್, ಮ್ಯಾಕ್ಸ್‌ವೆಲ್ಲನ ಡೀಮನ್, ನನ್ನ ಸರ್ವರಿನ ಡೀಮನ್ ಎಲ್ಲಕ್ಕೂ ಸರಿಹೊಂದುವ ಪದ ನಮ್ಮ ಹಳ್ಳಿಯಲ್ಲೇ ಇತ್ತು.

ಅದಕ್ಕೇ ನನ್ನ ಕೋರಿಕೆ. ಡೀಮನ್‌ಗೆ 'ಗಂಟಿ' ಅನ್ನೋಣ. ಅಲ್ಲಿ ಹೆಸರಿನ ಕೊನೆಗೆ 'ಡಿ' ಬರುವ ಹಾಗೆ ಇಲ್ಲಿ 'ಗಂಟಿ' ಬರಲಿ. ಕ್ರಾನ್‌ಗೆ ಹೊತ್ತುಗಂಟಿ. ಮೇಲರ್ ಡೀಮನ್‌ಗೆ ಅಂಚೆಗಂಟಿ. ಪ್ರಿಂಟರಿನ ಸರದಿ ನೋಡುವುದಕ್ಕೆ ಪ್ರಿಂಟುಗಂಟಿ. ಲ್ಯಾಬಿನಲ್ಲಿ ನಾನು ಹೀಗೇ ಹೇಳುತ್ತಿದ್ದೇನೆ, ಮಂಡ್ಯ ಮಳವಳ್ಳಿ ಕಡೆಯ ಹುಡುಗರಿಗೆ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ತಕರಾರು ಇರುತ್ತದೆ, ಗೊತ್ತು. ಕುಂದಾಪುರದ ಗೆಳೆಯರೊಬ್ಬರು ಕೇಳಿದ ಕೂಡಲೇ, ನಮ್ಮಲ್ಲಿ ಗಂಟಿ ಅಂದರೆ ದನಕರು ಅಂದರು. ನಿಜ. ಒಂಟಿಯಾಗಿ ಗೊಂದಲ ಆಗುವ ಕಡೆ ನೀರುಗಂಟಿ ಅಂತಲೇ ಪೂರ್ತಿ ಬರೆದು ಒಂದು ಸಾಲು ವಿವರಣೆ ಕೊಡಬಹುದು. 'ಹಿನ್ನೆಲೆ ಪ್ರೋಗ್ರಾಂ' ಸಾಲದೇ ಅಂತ ಕೇಳುವವರಿದ್ದಾರೆ. ಅದು ತಪ್ಪಲ್ಲ, ಆದರೆ ಸಾಲದು. ಆಜ್ಞೆಯ ಕೊನೆಗೆ 'ಆಂಡ್' ಚಿಹ್ನೆ ಹಾಕಿದರೆ ಯಾವ ಪ್ರೋಗ್ರಾಂ ಬೇಕಾದರೂ ಹಿನ್ನೆಲೆಗೆ ಹೋಗುತ್ತದೆ. ಆದರೂ ಅದು ನಮ್ಮ ಟರ್ಮಿನಲ್ಲಿಗೆ ಕಟ್ಟಿಕೊಂಡೇ ಇರುತ್ತದೆ, ಡೀಮನ್ ಆಗೋದಿಲ್ಲ. ಭೂತಗನ್ನಡಿಗೆ ಯಾರೂ ಹೆದರಲ್ಲ, ದೆವ್ವ ಅನ್ನೋದೂ ಬಳಸುತ್ತಾ ಅಭ್ಯಾಸ ಆಗುತ್ತೆ ಅಂತ ನನ್ನ ಸಹೋದ್ಯೋಗಿ ಒಬ್ಬರು ವಾದಿಸಿದರು. ಆ ವಾದಕ್ಕೆ ತೂಕ ಇದೆ, ಒಪ್ಪುತ್ತೇನೆ. ಆದರೆ ಭೂತಗನ್ನಡಿಯಲ್ಲಿ ಭೂತ ಅಂದರೆ ದೊಡ್ಡದು ಅಂತ ಅದನ್ನು ಹಿಡಿದ ಮಗುವಿಗೇ ಕಾಣುತ್ತದೆ. ಡೀಮನ್ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ದೆವ್ವ ಅಂತ ಹೆಸರಿಟ್ಟರೆ ಮಗು ಕೈಯನ್ನು ಕೀಬೋರ್ಡಿನಿಂದ ತೆಗೆಯುತ್ತದೆ.

ಗಂಟಿ ನಿಮಗೆ ಹಿಡಿಸದಿದ್ದರೆ ಡೀಮನ್ ಅಂತಲೇ ಇಟ್ಟುಕೊಳ್ಳಿ, ನನಗೆ ಬೇಜಾರಿಲ್ಲ. ಬಸ್ಸು, ರೈಲು ಇರುವ ಕಡೆ ಡೀಮನ್ನೂ ಇರುತ್ತದೆ. ಆದರೆ ಅದರ ಎದುರು ದೆವ್ವ, ಭೂತ, ಪಿಶಾಚಿ ಅಂತ ಇರುವುದನ್ನು ಮುಂದಿನ ಮುದ್ರಣದಲ್ಲಿ ತೆಗೆದುಹಾಕಿ. ಆ ಜಾಗದಲ್ಲಿ ಇಷ್ಟು ಬರೆದರೂ ಸಾಕು: "ಡೀಮನ್: ಯಾವ ಟರ್ಮಿನಲ್ಲಿಗೂ ಸೇರದೆ ಹಿಂದೆ ನಿಂತು ಸದಾ ಕೆಲಸ ನೋಡಿಕೊಳ್ಳುವ ಪ್ರೋಗ್ರಾಂ. ಊರಿನ ನೀರುಗಂಟಿಯ ಹಾಗೆ." ಬೇಕಾದರೆ ಈ ಸಾಲನ್ನು ಹಾಗೇ ತೆಗೆದುಕೊಳ್ಳಿ. ನನ್ನ ಹೆಸರು ಹಾಕಬೇಕಾಗಿಲ್ಲ.

ಆ ಹುಡುಗಿಯ ನೋಟ್ಸಿನಲ್ಲಿ ನಾನೇ ಪೆನ್ನಿನಿಂದ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಇದನ್ನು ಬರೆದುಕೊಟ್ಟೆ. ಜೆರಾಕ್ಸ್ ಮಾಡಿಸಿಕೊಂಡ ಉಳಿದವರ ಹತ್ತಿರ ಇನ್ನೂ ಹಳೆಯದೇ ಇದೆ.

ಇಂತಿ ನಿಮ್ಮ,
ಲ್ಯಾಬ್ ನೋಡಿಕೊಳ್ಳುವ ಒಬ್ಬ ನೌಕರ,
ಮೈಸೂರು